ಇನ್ಸುಲಿನ್ ಪ್ರಮಾಣನಿರ್ಣಯದಲ್ಲಿ ಗಣಕಯಂತ್ರ

ಪ್ರಮಾಣವೆಂಬ ಶಬ್ದಕ್ಕೆ ಅಳತೆಯೆಂದೂ, ನಿಶ್ಚಿತಜ್ಞಾನಕ್ಕೆ ಸಾಧನವೆಂದೂ ಎರಡರ್ಥಗಳುಂಟಷ್ಟೆ. ಮಧುಮೇಹಿಗಳಿಗೆ ಕೊಡತಕ್ಕ ಇನ್ಸುಲಿನ್ನಿನ ಪ್ರಮಾಣವನ್ನು ಗಣಕಯಂತ್ರದಿಂದ ಹೇಳಿಸುವ ಪದ್ಧತಿಯನ್ನು ವಿಚಾರಿಸುವಾಗ ಇವೆರಡನ್ನೂ ಒಟ್ಟಿಗೆ ನೆನೆಯಬೇಕಾಗುತ್ತದೆ. ಯಂತ್ರಕ್ಕೆ ಒದಗಿಸಿದ ಸಂಗತಿಗಳು ಎಷ್ಟು ನಿಜವೋ ಅದು ಹೇಳುವ ಅಳತೆಯೂ ಅಷ್ಟೇ ನಿಜ.

ಈ ಔಷಧವನ್ನು ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು 1921ರಲ್ಲಿ ಟೊರಾಂಟೋ ನಗರದಲ್ಲಿ ಕಂಡುಹಿಡಿದರು. 1922ರ ಜನವರಿಯಲ್ಲಿ ಮೊದಲ ರೋಗಿಗೆ ಕೊಡಲಾಯಿತು. ಅಂದಿನಿಂದಲೂ ತೊಡಕು ಒಂದೇ. ಕಡಮೆಯಾದರೆ ರಕ್ತದ ಸಕ್ಕರೆ ಏರುವುದು. ಹೆಚ್ಚಾದರೆ ಅದು ಕುಸಿದು ಬೆವರು, ನಡುಕ, ಮತಿಭ್ರಮೆ, ಮೂರ್ಛೆಗಳುಂಟಾಗಿ ಪ್ರಾಣಕ್ಕೂ ಅಪಾಯವಾಗುವುದು.

ಅಮೆರಿಕದ ಅಟ್ಲಾಂಟದಲ್ಲಿ ಡೇವಿಡ್‌ಸನ್ ಮೊದಲಾದವರು 1984ರಿಂದ ಉಪಯೋಗಿಸಿದ ಕ್ರಮವು ಬಹು ಸರಳವಾದುದು. ಸಕ್ಕರೆಯ ಅಂಕದಿಂದ 60 ಕಳೆದು, ಶೇಷವನ್ನು 0.02ರಿಂದ ಗುಣಿಸಿದರೆ ರಕ್ತನಾಳದ ಮೂಲಕ ಗಂಟೆಗೆ ಕೊಡತಕ್ಕ ಮೊತ್ತ ಬರುತ್ತದೆ. 260 ಇದ್ದರೆ 4 ಏಕಾಂಕ. ಮುಂದಿನ ಪರೀಕ್ಷೆಗಳನ್ನು ನೋಡಿಕೊಂಡು ಯಂತ್ರವು ಆ ಗುಣಕವನ್ನೇ ಹೆಚ್ಚುಕಡಮೆ ಮಾಡುತ್ತ ಹೋಗುವುದು. ಊಟಕ್ಕೆ ಮುಂಚಿನ ಲೆಕ್ಕ ಬೇರೆ. ಒಬ್ಬನಿಗೆ 10 ಗ್ರಾಂ ಪಿಷ್ಟಕ್ಕೆ 1 ಏಕಾಂಕ ಬೇಕು, 1 ಏಕಾಂಕದಿಂದ ಸಕ್ಕರೆ 50ರಷ್ಟು ಇಳಿಯುವುದು ಎಂದು ವೈದ್ಯರು ಗೊತ್ತುಮಾಡಿದ್ದಾರೆನ್ನೋಣ. ಸಕ್ಕರೆ 220, ಗುರಿ 120, ಊಟದ ಪಿಷ್ಟ 60 ಗ್ರಾಂ ಆದರೆ, 6 ಮತ್ತು 2 ಸೇರಿ 8. ಹಿಂದಿನ ಚುಚ್ಚುಮದ್ದಿನಲ್ಲಿ 2 ಏಕಾಂಕ ಇನ್ನೂ ದೇಹದಲ್ಲುಳಿದಿದ್ದರೆ ಅದನ್ನು ಕಳೆದು 6. ಮನುಷ್ಯನು ಸಾಮಾನ್ಯವಾಗಿ ಮರೆಯುವುದು ಈ ಕೊನೆಯ ವ್ಯವಕಲನವನ್ನೇ. ಯಂತ್ರದ ಮುಖ್ಯ ಉಪಕಾರವೂ ಇಲ್ಲಿಯೇ.

ಕರ್ನಾಟಕದಲ್ಲಿ ಇಂತಹ ಪ್ರಯತ್ನವು ನಡೆಯದೆ ಇಲ್ಲ. ಕರ್ನಾಟಕ, ಹರಿಯಾಣಗಳ 40 ಸಮುದಾಯ ಆರೋಗ್ಯಕೇಂದ್ರಗಳಲ್ಲಿ 'ಎಂವೆಲ್‌ಕೇರ್' ಎಂಬ ತಂತ್ರಾಂಶವನ್ನು ಪರೀಕ್ಷಿಸಲಾಯಿತು. ದಾದಿಯು ವಿವರಗಳನ್ನು ತುಂಬಿದರೆ, ಅದು ರಕ್ತದೊತ್ತಡ ಮಧುಮೇಹಗಳ ಚಿಕಿತ್ಸೆಯನ್ನು ವೈದ್ಯರಿಗೆ ಸೂಚಿಸುತ್ತಿತ್ತು. ವರ್ಷಾಂತ್ಯಕ್ಕೆ ತಂತ್ರಾಂಶವಿದ್ದ ಕಡೆಯೂ ಇಲ್ಲದ ಕಡೆಯೂ ರೋಗಿಗಳು ಸುಧಾರಿಸಿದ್ದರು. ಆದರೆ ಇವೆರಡರ ನಡುವೆ ಗಣ್ಯವಾದ ಭೇದವು ಕಾಣಲಿಲ್ಲ. ಇದರಿಂದ ಗಣಿತವೇ ತಪ್ಪೆಂದು ಹೇಳಲಾಗದು.

ಗಣಿತದ ಹೊರಗೆ ಉಳಿಯುವುದೇನೆಂಬುದಕ್ಕೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪೂಜಿಸುವ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ಮಾಲೆ ಧರಿಸಿ ಕಾಲ್ನಡಿಗೆಯಿಂದ ಬರುವವರುಂಟು. ಅವರಲ್ಲೊಬ್ಬನು ಇನ್ಸುಲಿನ್ ತೆಗೆದುಕೊಳ್ಳುವವನಾದರೆ, ನಡಿಗೆಯಲ್ಲಿ ಸ್ನಾಯುಗಳೇ ಸಕ್ಕರೆಯನ್ನು ಹೀರುವುದರಿಂದ ನಿನ್ನೆಯ ಪ್ರಮಾಣ ಇಂದಿಗೆ ಅಧಿಕವಾದೀತು. ದಾರಿಯಲ್ಲಿ ಉಣ್ಣುವ ರಾಗಿಮುದ್ದೆಗೂ ಗೊತ್ತಾದ ತೂಕವಿಲ್ಲ. ಹಿಟ್ಟಿನ ಮೂರರಲ್ಲಿ ಎರಡು ಪಾಲಿನಷ್ಟು ಪಿಷ್ಟವೆಂದು ತಿಳಿದಿದ್ದರೂ, ಮುದ್ದೆ ಕಟ್ಟುವ ಕೈ ಮನೆಗೊಂದು ಬಗೆ.

ಪಿಚಕಾರಿಯ ವಿಷಯವು ಇದಕ್ಕಿಂತಲೂ ಸೂಕ್ಷ್ಮವಾದುದು. ನಮ್ಮ ದೇಶದ ಸೀಸೆಗಳಲ್ಲಿ ಮಿಲಿಲೀಟರಿಗೆ 40 ಏಕಾಂಕವುಳ್ಳವೂ 100 ಏಕಾಂಕವುಳ್ಳವೂ ಇವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಪಿಚಕಾರಿ, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ಯಂತ್ರವು 6 ಎಂದು ಸರಿಯಾಗಿಯೇ ಹೇಳಿರಲಿ. ನಲ್ವತ್ತರ ಸೀಸೆಯಿಂದ ನೂರರ ಪಿಚಕಾರಿಯಲ್ಲಿ 6ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 2.4 ಏಕಾಂಕ ಮಾತ್ರ; ಅದಲುಬದಲಾದರೆ 15.