ನಗರ ಪಾಲಿಕೆ ಮತ್ತು ಎಲ್ಲರನ್ನೂ ಒಳಗೊಂಡ ಆರ್ಥಿಕ ಬೆಳವಣಿಗೆ: ಬೆಂಗಳೂರಿನ ಅನುಭವದ ಹಿನ್ನೆಲೆಯಲ್ಲಿ

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಾಗ, ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯೊಂದು ಹನ್ನೆರಡನೆಯ ಅನುಸೂಚಿಯ ರೂಪದಲ್ಲಿ ಸೇರ್ಪಡೆಯಾಯಿತು. ರಸ್ತೆ, ನೀರು, ನೈರ್ಮಲ್ಯಗಳ ಜೊತೆಗೆ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ, ಕೊಳೆಗೇರಿಗಳ ಸುಧಾರಣೆ, ನಗರ ಬಡತನ ನಿವಾರಣೆ ಇವೂ ಆ ಪಟ್ಟಿಯಲ್ಲಿವೆ. ಆದರೆ ಈ ಅಧಿಕಾರಗಳನ್ನು ರಾಜ್ಯಗಳು ವಹಿಸಿಕೊಡಬಹುದು ಎಂದಷ್ಟೇ ಸಂವಿಧಾನ ಹೇಳುತ್ತದೆ, ವಹಿಸಿಕೊಡಲೇಬೇಕೆಂದು ಹೇಳುವುದಿಲ್ಲ. ಬೆಂಗಳೂರಿನ ಮಟ್ಟಿಗೆ ನೀರು 1964ರಿಂದ ಜಲಮಂಡಳಿಯ ಕೈಯಲ್ಲಿದೆ, ಕೈಗಾರಿಕಾ ಭೂಮಿ 1966ರಿಂದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕೈಯಲ್ಲಿದೆ, ನಗರ ಯೋಜನೆ 1976ರಲ್ಲಿ ರೂಪುಗೊಂಡ ಅಭಿವೃದ್ಧಿ ಪ್ರಾಧಿಕಾರದ ಪಾಲಾಯಿತು. ಬಡ್ಡಿದರ, ತೆರಿಗೆ ನೀತಿ, ಬಂಡವಾಳದ ಆಹ್ವಾನ ಇವುಗಳಲ್ಲಿ ಪಾಲಿಕೆಗೆ ಮಾತೇ ಇಲ್ಲ.

ಹೀಗಿರುವಾಗ, ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ (2007–12) ಕಾಲದಿಂದ ಬಳಕೆಗೆ ಬಂದ ‘ಎಲ್ಲರನ್ನೂ ಒಳಗೊಂಡ ಬೆಳವಣಿಗೆ’ ಎಂಬ ಪರಿಕಲ್ಪನೆಯನ್ನು ಪಾಲಿಕೆಯ ಮಟ್ಟದಲ್ಲಿ ಹೇಗೆ ಅರ್ಥೈಸಬೇಕು? ನಗರ ಬೆಳೆದರೆ ಅದರ ಫಲ ತಾನಾಗಿಯೇ ತಳಕ್ಕೆ ಇಳಿಯುತ್ತದೆ, ಇಳಿಯದಿದ್ದವರಿಗೆ ಕಲ್ಯಾಣ ಕಾರ್ಯಕ್ರಮಗಳಿವೆ ಎಂಬುದು ರೂಢಿಯ ಉತ್ತರ. ಈ ಉತ್ತರ ಅಪೂರ್ಣವೆಂಬುದು ಪ್ರಸ್ತುತ ಲೇಖನದ ನಿಲುವು. ಪಾಲಿಕೆಯು ಬೆಳವಣಿಗೆಯ ಫಲವನ್ನು ಹಂಚುವ ಸಂಸ್ಥೆ ಮಾತ್ರವಲ್ಲ. ಅದೇ ನಗರದ ದೊಡ್ಡ ಉದ್ಯೋಗದಾತರಲ್ಲಿ ಒಂದು, ಬೀದಿಯೆಂಬ ಬಹುದೊಡ್ಡ ಮಾರುಕಟ್ಟೆಯ ಒಡೆತನವೂ ಅದರದೇ, ಕೋಟ್ಯಂತರ ರೂಪಾಯಿಗಳ ಖರೀದಿದಾರನೂ ಅದೇ. ಕೂಲಿ, ಜಾಗ ಮತ್ತು ಟೆಂಡರು ಎಂಬ ಈ ಮೂರು ನಿತ್ಯದ ವ್ಯವಹಾರಗಳಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಮೇಲೆ ಬಡವರ ಆದಾಯ ಎಷ್ಟೋ ಮಟ್ಟಿಗೆ ನಿಂತಿದೆ.

ಮೊದಲಿಗೆ ಕೂಲಿಯ ಪ್ರಶ್ನೆ. ಕರ್ನಾಟಕದಲ್ಲಿ ನೈರ್ಮಲ್ಯ ಕಾರ್ಮಿಕರ ಬದುಕಿಗೆ ಸಂಬಂಧಿಸಿದ ಚರ್ಚೆಗೆ ದೀರ್ಘ ಇತಿಹಾಸವಿದೆ. 1970ರ ದಶಕದ ಆರಂಭದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿಯು 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕೆಂದು ಶಿಫಾರಸು ಮಾಡಿತು. ಮುಂದೆ ಸರ್ಕಾರ ಈ ಪ್ರಮಾಣವನ್ನು 700ಕ್ಕೆ ಒಬ್ಬರು ಎಂದು ಸಡಿಲಿಸಿತು. ಆಡಳಿತದ ದೃಷ್ಟಿಯಿಂದ ಇದು ಒಂದು ಅಂಕಿಯ ಬದಲಾವಣೆ. ಕಸಬರಿಕೆ ಹಿಡಿದವರ ದೃಷ್ಟಿಯಿಂದ ಪ್ರತಿ ಏಳು ಹುದ್ದೆಗಳಲ್ಲಿ ಎರಡು ಇಲ್ಲವಾದವು.

1990ರ ದಶಕದಿಂದ ನಗರ ಹಬ್ಬಿದಂತೆ ಬೀದಿ ಗುಡಿಸುವ ಕೆಲಸ ಬಹುಪಾಲು ಗುತ್ತಿಗೆಗೆ ಹೋಯಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ಮೇಲಂತೂ ಹೊಸ ಬಡಾವಣೆಗಳ ನೈರ್ಮಲ್ಯವೆಲ್ಲ ಗುತ್ತಿಗೆದಾರರನ್ನೇ ನಂಬಿಕೊಂಡಿತು. ಈ ವ್ಯವಸ್ಥೆ ಕೆಲಸ ಮಾಡುತ್ತಿದ್ದ ಬಗೆಯನ್ನು ವಿವರವಾಗಿ ನೋಡುವುದು ಅವಶ್ಯಕ. ಪಾಲಿಕೆಯು ತಲೆಯೊಂದಕ್ಕೆ ಇಷ್ಟೆಂದು ಗುತ್ತಿಗೆದಾರನಿಗೆ ಹಣ ಪಾವತಿಸುತ್ತಿತ್ತು. ಕಾರ್ಮಿಕರ ಭವಿಷ್ಯನಿಧಿ ಮತ್ತು ರಾಜ್ಯ ವಿಮೆಯ ಬಾಬ್ತು ಅದರಲ್ಲೇ ಸೇರಿರುತ್ತಿತ್ತು. ಗುತ್ತಿಗೆದಾರನು ಮೇಸ್ತ್ರಿಯ ಮೂಲಕ ಕೂಲಿ ಕೊಡಿಸುತ್ತಿದ್ದನು. ಹಾಜರಿ ಪುಸ್ತಕ ಮೇಸ್ತ್ರಿಯ ಬಳಿಯೇ ಇರುತ್ತಿದ್ದುದರಿಂದ ಪುಸ್ತಕದ ಹೆಸರುಗಳೆಷ್ಟು, ಬೀದಿಯಲ್ಲಿ ದುಡಿಯುವವರೆಷ್ಟು ಎಂಬುದನ್ನು ಹೊರಗಿನವರು ಪರೀಕ್ಷಿಸಲು ಸಾಧ್ಯವಿರಲಿಲ್ಲ. 2017ರಲ್ಲಿ ಬೆರಳಚ್ಚಿನ ಹಾಜರಾತಿ ಬಂದಾಗ ಎರಡರ ನಡುವಣ ಅಂತರ ಬಯಲಾಯಿತು. ಇಲ್ಲದ ಕಾರ್ಮಿಕರ ಹೆಸರಿನಲ್ಲಿ ಹಣ ಸಂದಾಯವಾಗುತ್ತಿತ್ತು; ಇರುವವರು ಮಾತ್ರ ಇಬ್ಬರ ಕೆಲಸ ಮಾಡುತ್ತಿದ್ದರು. ಗುತ್ತಿಗೆಯಿಂದ ಪಾಲಿಕೆಗೆ ಉಳಿತಾಯವಾಗುತ್ತದೆಂಬ ವಾದವನ್ನು ಒಪ್ಪಿಕೊಳ್ಳುವ ಮುನ್ನ ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಕಾರ್ಮಿಕರಲ್ಲಿ ಬಹುಸಂಖ್ಯಾತರು ದಲಿತ ಮಹಿಳೆಯರು. ಅನೇಕರ ಮನೆಮಾತು ತೆಲುಗು. ತಲೆಮಾರುಗಳ ಹಿಂದೆ ರಾಯಲಸೀಮೆಯಿಂದ ಬಂದ ಕುಟುಂಬಗಳವರು. ಆದ್ದರಿಂದ ಇಲ್ಲಿ ಕೂಲಿಯ ಪ್ರಶ್ನೆ ಜಾತಿ ಮತ್ತು ಲಿಂಗದ ಪ್ರಶ್ನೆಯೂ ಆಗಿದೆ. ಒಂದು ಕಡೆ ಬಡತನ ನಿವಾರಣೆಯ ಶೀರ್ಷಿಕೆಯಡಿ ಅನುದಾನ ಮೀಸಲಿಡುವ ಪಾಲಿಕೆ, ಇನ್ನೊಂದು ಕಡೆ ತನ್ನದೇ ಬೀದಿ ಗುಡಿಸುವವರನ್ನು ಬಡತನದಲ್ಲಿ ಇರಿಸುತ್ತಿತ್ತೆಂಬ ವಿರೋಧಾಭಾಸವನ್ನು ಕಾರ್ಮಿಕ ಸಂಘಗಳು ಎತ್ತಿ ತೋರಿಸಿದವು. 2016ರಲ್ಲಿ ಕನಿಷ್ಠ ವೇತನದ ಗಣನೀಯ ಏರಿಕೆ, 2017ರಿಂದ ಪಾಲಿಕೆಯಿಂದಲೇ ನೇರವಾಗಿ ಬ್ಯಾಂಕ್ ಖಾತೆಗೆ ವೇತನ, 2022ರ ಜುಲೈ ತಿಂಗಳ ರಾಜ್ಯವ್ಯಾಪಿ ಮುಷ್ಕರ, ಅದೇ ವರ್ಷ 11,133 ಮಂದಿಯ ಸೇವೆ ಕಾಯಂಗೊಳಿಸಲು ಸಚಿವ ಸಂಪುಟ ಕೈಗೊಂಡ ತೀರ್ಮಾನ, 2025ರ ಮೇ ದಿನದಂದು ಬೆಂಗಳೂರಿನಲ್ಲಿ ಸಾವಿರಾರು ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ವಿತರಣೆ ಇವು ಆ ಹೋರಾಟದ ಮುಖ್ಯ ಘಟ್ಟಗಳು.

ಕಾಯಮಾತಿಯನ್ನು ಕೇವಲ ಸಂಬಳ ಹೆಚ್ಚಳವೆಂದು ಭಾವಿಸುವುದು ಸರಿಯಲ್ಲ. ಸಂಬಳದ ಚೀಟಿ ಇರುವವರಿಗೆ ಬ್ಯಾಂಕು ಸಾಲ ಕೊಡುತ್ತದೆ, ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗಿಲ್ಲ. ಹೆರಿಗೆ ರಜೆ, ವಾರದ ರಜೆಗಳನ್ನು ಹಕ್ಕಾಗಿ ಕೇಳಬಹುದು. ಆದರೂ ಇದು ಅರ್ಧದಾರಿಯ ಪ್ರಯಾಣವೇ ಸರಿ. ಗುಡಿಸುವವರನ್ನು ಪಾಲಿಕೆಯ ನೌಕರರೆಂದು ಪರಿಗಣಿಸಿದ ಕಾಲದಲ್ಲೂ, ಅವರು ಗುಡ್ಡೆ ಹಾಕಿದ ಕಸವನ್ನು ಸಾಗಿಸುವ ಆಟೊಗಳ ಚಾಲಕರು ಮತ್ತು ಸಹಾಯಕರು ಗುತ್ತಿಗೆಯಲ್ಲೇ ಉಳಿದರು.

ಎರಡನೆಯದು ಜಾಗ. ಬಂಡವಾಳವಿಲ್ಲದವರಿಗೆ ನಗರದಲ್ಲಿ ಲಭ್ಯವಿರುವ ಅತ್ಯಂತ ದೊಡ್ಡ ಆಸ್ತಿಯೆಂದರೆ ಜನ ನಡೆದಾಡುವ ಬೀದಿಯ ಅಂಚು. ಹೂವು, ಸೊಪ್ಪು, ಇಡ್ಲಿ ಮಾರುವವರ ಆದಾಯವನ್ನು ನಿರ್ಧರಿಸುವುದು ಸರಕಿನ ಗುಣಕ್ಕಿಂತ ಹೆಚ್ಚಾಗಿ ನಿಲ್ಲುವ ಜಾಗ. ಬೀದಿಬದಿಯ ವ್ಯಾಪಾರವು ಸಂವಿಧಾನದ 19(1)(ಜಿ) ವಿಧಿಯಡಿ ಬರುವ ವೃತ್ತಿ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದು ಶಾಸನವಾಗಲು ಇನ್ನೂ 25 ವರ್ಷ ಬೇಕಾಯಿತು. 2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮದ ಪ್ರಕಾರ ಪ್ರತಿ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಸ್ಥಳಾಂತರಕ್ಕೆ 30 ದಿನಗಳ ಮುನ್ಸೂಚನೆ ಬೇಕು. ವಶಪಡಿಸಿಕೊಂಡ ಸರಕಿನಲ್ಲಿ ಬೇಗ ಕೆಡುವಂಥದ್ದನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಈ ಕೊನೆಯ ನಿಯಮವನ್ನು ಬರೆದವರಿಗೆ ಸೊಪ್ಪಿನ ವ್ಯಾಪಾರ ಗೊತ್ತಿತ್ತೆನ್ನಬೇಕು: ಮಾರನೆಯ ದಿನ ಸಿಕ್ಕ ಕೊತ್ತಂಬರಿ ಕಟ್ಟಿಗೆ ಬೆಲೆಯಿಲ್ಲ, ಅದಕ್ಕಾಗಿ ಮಾಡಿದ ಸಾಲ ಮಾತ್ರ ಉಳಿದಿರುತ್ತದೆ.

ನಗರದ ಜನಸಂಖ್ಯೆಯ ಶೇ. 2.5ರವರೆಗೆ ವ್ಯಾಪಾರಿಗಳಿಗೆ ಅವಕಾಶ ಕಲ್ಪಿಸಬೇಕೆಂಬುದು ಅಧಿನಿಯಮದ ಮಾನದಂಡ. 2011ರ ಜನಗಣತಿಯಂತೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ, ಅದರ ಶೇ. 2.5 ಎಂದರೆ 2.1 ಲಕ್ಷ. ಆದರೆ 2017ರ ಸಮೀಕ್ಷೆಯಲ್ಲಿ ಲೆಕ್ಕಕ್ಕೆ ಸಿಕ್ಕವರು ಸುಮಾರು 25 ಸಾವಿರ. ಬೆಳಗಿನ ಜಾವದ ಹೂವಿನವರು, ಸಂಜೆ ಮಾತ್ರ ಬರುವ ತಿಂಡಿಗಾಡಿಯವರು, ವಾರದ ಸಂತೆಯವರು, ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗುವವರು ಹಗಲು ಹೊತ್ತಿನ ಗಣತಿಗೆ ಸಿಗುವುದು ಕಷ್ಟ. ಎಣಿಕೆಗೆ ಬಾರದವರು ಪ್ರಮಾಣಪತ್ರಕ್ಕೂ, 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವನಿಧಿ ಯೋಜನೆಯ 10 ಸಾವಿರ ರೂಪಾಯಿಗಳ ಮೊದಲ ಕಂತಿನ ಸಾಲಕ್ಕೂ ಪಾಲಿಕೆಯ ಶಿಫಾರಸು ಪತ್ರವನ್ನು ಕಾಯಬೇಕಾಯಿತು.

50 ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂಬ ನಿಯಮವೂ ಈ ಅಧಿನಿಯಮದಲ್ಲಿದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಇಡೀ ರಸ್ತೆಯನ್ನು ಬಿಟ್ಟುಕೊಡುವ ನಗರಕ್ಕೆ, ಬೀದಿಯು ವಾಹನಗಳಿಗಾಗಿ ಮಾತ್ರ ಇರುವುದಲ್ಲವೆಂಬ ತಿಳಿವಳಿಕೆ ಹೊಸದೇನಲ್ಲ. ವ್ಯಾಪಾರಿಗಳಿಂದ ಪಾದಚಾರಿಗಳಿಗೆ ಅಡ್ಡಿಯಾಗುತ್ತದೆಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಆದರೆ ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಅಡಿ ಎಂಬುದನ್ನು ಸಮಿತಿಯಲ್ಲಿ ಕುಳಿತು ನಿರ್ಧರಿಸುವುದಕ್ಕೂ ಲಾರಿ ತಂದು ತಳ್ಳುಗಾಡಿ ಎತ್ತಿಹಾಕಿಕೊಂಡು ಹೋಗುವುದಕ್ಕೂ ವ್ಯತ್ಯಾಸವಿದೆ. ಸಣ್ಣ ಊರುಗಳಲ್ಲಿ ಇನ್ನೊಂದು ಸಮಸ್ಯೆ: ಸಂತೆಯ ನೆಲವಳಿ ಸುಂಕವನ್ನು ಪ್ರತಿವರ್ಷ ಹರಾಜು ಹಾಕುವ ಪದ್ಧತಿ. ಹರಾಜು ಹಿಡಿದವನು ಕೊಟ್ಟ ಮೊತ್ತವನ್ನು ಲಾಭದೊಡನೆ ಹಿಂಪಡೆಯಲು ದಿನದಿನವೂ ವಸೂಲಿಗೆ ನಿಲ್ಲುತ್ತಾನೆ. ನಿಗದಿಯ ದರ ಫಲಕದಲ್ಲಿ ಉಳಿಯುತ್ತದೆ. ಪಾಲಿಕೆಯ ಆದಾಯದಲ್ಲಿ ಅತ್ಯಲ್ಪವಾದ ಈ ಬಾಬ್ತು ವ್ಯಾಪಾರಿಯ ಆದಾಯದಲ್ಲಿ ಅಲ್ಪವಲ್ಲ.

ಮೂರನೆಯದಾದ ಖರೀದಿಯ ವಿಷಯದಲ್ಲಿ ಹೊರಗಿನ ಒಂದು ಉದಾಹರಣೆ ಉಪಯುಕ್ತ. ವಾಯವ್ಯ ಇಂಗ್ಲೆಂಡಿನ ಪ್ರೆಸ್ಟನ್ ನಗರವು ದೊಡ್ಡ ವಾಣಿಜ್ಯ ಸಂಕೀರ್ಣವೊಂದರ ಮೂಲಕ ಅಭಿವೃದ್ಧಿಯನ್ನು ನಿರೀಕ್ಷಿಸಿತ್ತು. 2011ರಲ್ಲಿ ಆ ಯೋಜನೆ ಕುಸಿದುಬಿತ್ತು. ಆಗ ನಗರ ಪರಿಷತ್ತು ಹೊಸ ಬಂಡವಾಳವನ್ನು ಕಾಯುವುದನ್ನು ಬಿಟ್ಟು, ತಾನು ಹಾಗೂ ಪ್ರದೇಶದ ಇತರ ಐದು ದೊಡ್ಡ ಸಾರ್ವಜನಿಕ ಸಂಸ್ಥೆಗಳು ಖರೀದಿಗೆ ಮಾಡುವ ವೆಚ್ಚ ಎಲ್ಲಿಗೆ ಹೋಗುತ್ತಿದೆಯೆಂದು ಲೆಕ್ಕ ಹಾಕಿಸಿತು. 2012–13ರಲ್ಲಿ ಅದರ ಶೇ. 5 ಮಾತ್ರ ಪ್ರೆಸ್ಟನ್ನಿನಲ್ಲಿ ಉಳಿಯುತ್ತಿತ್ತು. 2016–17ರ ವೇಳೆಗೆ ಅದು ಶೇ. 18.2ಕ್ಕೆ ಏರಿತು. ಸುತ್ತಲಿನ ಲ್ಯಾಂಕಷೈರ್ ಕೌಂಟಿಯನ್ನೂ ಸೇರಿಸಿದರೆ ಶೇ. 39 ಇದ್ದದ್ದು ಶೇ. 79.2 ಆಯಿತು. ಅನುಸರಿಸಿದ ಉಪಾಯ ಸರಳ: ದೊಡ್ಡ ಗುತ್ತಿಗೆಗಳನ್ನು ಸಣ್ಣ ಭಾಗಗಳಾಗಿ ಮಾಡಿ ಬಹಿರಂಗವಾಗಿ ಟೆಂಡರು ಕರೆಯುವುದು. ಶಾಲಾ ಊಟದ ಗುತ್ತಿಗೆಯನ್ನು ಮೊಟ್ಟೆ, ಹಾಲು, ಗಿಣ್ಣುಗಳಂತೆ ಬೇರ್ಪಡಿಸಿದಾಗ ಸುತ್ತಲಿನ ಪೂರೈಕೆದಾರರೂ ಸ್ಪರ್ಧಿಸಲು ಶಕ್ತರಾದರು.

ಕರ್ನಾಟಕದಲ್ಲಿ ‘ತುಂಡು ಗುತ್ತಿಗೆ’ ಎಂದರೆ ಜನಮನದಲ್ಲಿ ಮೂಡುವುದು ಭ್ರಷ್ಟಾಚಾರದ ಚಿತ್ರ. ಅದಕ್ಕೆ ಕಾರಣವಿದೆ: ಟೆಂಡರನ್ನು ತಪ್ಪಿಸಲೆಂದೇ ಕಾಮಗಾರಿಯನ್ನು ತುಂಡರಿಸುವ ಚಾಳಿ ಇಲ್ಲಿ ಬೆಳೆದುಬಂದಿದೆ. ಆದರೆ ಟೆಂಡರು ಕರೆದೇ ತುಂಡರಿಸುವುದು ಬೇರೆಯ ವಿಷಯ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕುರಿತ 1999ರ ರಾಜ್ಯ ಅಧಿನಿಯಮಕ್ಕೆ ಮುಂದೆ ತಂದ ತಿದ್ದುಪಡಿಯಂತೆ ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಾತಿ ದೊರೆಯಿತು. ಆರಂಭದಲ್ಲಿ 50 ಲಕ್ಷವಿದ್ದ ಮಿತಿಯನ್ನು 2023ರಲ್ಲಿ 1 ಕೋಟಿ ರೂಪಾಯಿಗೆ ಏರಿಸಲಾಯಿತು. ಆದರೆ ಹಲವು ವಾರ್ಡುಗಳ ಕಾಮಗಾರಿಯನ್ನು ಒಟ್ಟುಗೂಡಿಸಿ ‘ಪ್ಯಾಕೇಜ್’ ಮಾಡಿದ ಕೂಡಲೇ ಮೊತ್ತ ಮಿತಿಯನ್ನು ದಾಟುತ್ತದೆ, ಮೀಸಲಾತಿ ಅನ್ವಯಿಸುವುದಿಲ್ಲ. ಯಾವ ಕಾಮಗಾರಿಯನ್ನು ಕೂಡಿಸಬೇಕು, ಯಾವುದನ್ನು ಬಿಡಿಸಬೇಕು ಎಂಬ ತಾಂತ್ರಿಕ ನಿರ್ಧಾರದೊಳಗೇ ಯಾರಿಗೆ ಅವಕಾಶವೆಂಬ ನಿರ್ಧಾರ ಅಡಗಿದೆ.

ಚಿಂದಿ ಆಯುವವರ ವಿಷಯ ಕೂಲಿ, ಜಾಗ, ಗುತ್ತಿಗೆ ಮೂರೂ ಸೇರಿದ ಪ್ರಸಂಗ. 2011ರ ಸುಮಾರಿಗೆ ಬೆಂಗಳೂರು ಪಾಲಿಕೆ ಅವರಿಗೆ ಗುರುತಿನ ಚೀಟಿ ನೀಡಿತು; ವಾರ್ಡುಗಳ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸುವಂತಾಯಿತು. ಪುಣೆಯಲ್ಲಿ 1993ರಲ್ಲಿ ಸಂಘಟಿತರಾದ ಕಾಗದ-ಕಾಚ ಆಯುವವರು 2008ರಲ್ಲಿ ‘ಸ್ವಚ್ಛ್’ ಸಹಕಾರ ಸಂಘದ ಮೂಲಕ ಮನೆಮನೆಯ ಕಸ ಸಂಗ್ರಹದ ಒಪ್ಪಂದವನ್ನು ಪಾಲಿಕೆಯೊಡನೆ ಮಾಡಿಕೊಂಡರು. ಎರಡೂ ಕಡೆ ಹೊಸ ಉದ್ಯೋಗವನ್ನೇನೂ ಸೃಷ್ಟಿಸಲಿಲ್ಲ, ಇದ್ದ ದುಡಿಮೆಗೆ ಮಾನ್ಯತೆ ದೊರೆಯಿತು.

ಇಷ್ಟೆಲ್ಲವನ್ನೂ ಆಯುಕ್ತರ ಆದೇಶದಿಂದಲೇ ಮಾಡಬಹುದಲ್ಲ, ಪರಿಷತ್ತೇಕೆ ಎಂದು ಕೇಳಬಹುದು. ಬೆಂಗಳೂರಿನ 198 ವಾರ್ಡುಗಳ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು; 2025ರಲ್ಲಿ ಆ ಪಾಲಿಕೆಯೇ ಇಲ್ಲವಾಗುವವರೆಗೂ ಹೊಸ ಪರಿಷತ್ತು ಬರಲಿಲ್ಲ. ಆ ಅವಧಿಯಲ್ಲಿ ಆಯವ್ಯಯ ಮಂಡನೆಯಾಯಿತು, ಟೆಂಡರುಗಳು ನಡೆದವು, ಪೌರಕಾರ್ಮಿಕರ ಕಾಯಮಾತಿಯೂ ಆಯಿತು. ಆದರೆ ತನ್ನ ಗಾಡಿ ಎತ್ತಿಕೊಂಡು ಹೋದಾಗ ವ್ಯಾಪಾರಿಯೊಬ್ಬಳು ಹೋಗಿ ಕೇಳಬಹುದಾದ ಬಾಗಿಲು ವಾರ್ಡಿನಲ್ಲಿ ಉಳಿಯಲಿಲ್ಲ. ಮತ ಕೇಳಲು ಬರಬೇಕಾದವರ ಬಳಿ ಬಡವರ ಅಹವಾಲಿಗೆ ಇರುವ ಬೆಲೆ ವರ್ಗಾವಣೆಯಾಗಿ ಹೋಗುವ ಅಧಿಕಾರಿಯ ಬಳಿ ಇರುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಇರಿಸಲಾಯಿತು. ಕೆ.ಆರ್. ಪುರ ಮತ್ತು ಮಹದೇವಪುರ ಕ್ಷೇತ್ರಗಳು ಪೂರ್ವ ಪಾಲಿಕೆಗೆ ಸೇರಿದವು. ಹಿಂದಿನ ಪಾಲಿಕೆಯ ವಲಯಗಳಲ್ಲಿ ಆಸ್ತಿ ತೆರಿಗೆ ಅತ್ಯಧಿಕವಾಗಿ ಸಂಗ್ರಹವಾಗುತ್ತಿದ್ದುದು ಮಾಹಿತಿ ತಂತ್ರಜ್ಞಾನ ಕಂಪನಿಗಳಿರುವ ಇದೇ ಮಹದೇವಪುರದಲ್ಲಿ. ಒಂದೇ ಖಜಾನೆ ಇದ್ದಾಗ ಆ ತೆರಿಗೆಯ ಒಂದು ಪಾಲು ಹಳೆಯ ಪೇಟೆಯ, ಪಶ್ಚಿಮದ ಕಾರ್ಮಿಕ ಬಡಾವಣೆಗಳ ಬೀದಿಗಳಿಗೂ ಹರಿಯುತ್ತಿತ್ತು. ಐದು ಖಜಾನೆಗಳಾದ ಮೇಲೆ ಆ ಹರಿವಿಗೆ ಯಾವ ಸೂತ್ರ, ಅದನ್ನು ನಿರ್ಧರಿಸುವವರು ಪ್ರಾಧಿಕಾರದವರೋ ಪಾಲಿಕೆಗಳ ಪರಿಷತ್ತುಗಳೋ ಎಂಬುದು ಈ ವಿಷಯದಲ್ಲಿ ಮುಂದೆ ನಡೆಯಬೇಕಾದ ಅಧ್ಯಯನದ ಮೊದಲ ಪ್ರಶ್ನೆ.