ಮೆಟ್ರೊ ನಿಲ್ದಾಣ ಮತ್ತು ಬೀದಿ ವ್ಯಾಪಾರ

ನಿಲ್ದಾಣದಿಂದ ನಡೆದೇ ತಲುಪಬಹುದಾದಷ್ಟು ದೂರದೊಳಗೆ ಮನೆ, ಅಂಗಡಿ, ಕಚೇರಿಗಳನ್ನು ಒತ್ತಾಗಿ ಬೆಳೆಸುವ ಯೋಜನಾಕ್ರಮವನ್ನು ‘ಸಾರಿಗೆ ಕೇಂದ್ರಿತ ಅಭಿವೃದ್ಧಿ’ ಎನ್ನುತ್ತಾರೆ. ಆದರೆ ಮೆಟ್ರೊ ಬಂದೊಡನೆ ನೆಲದ ಬೆಲೆಯೂ ಬಾಡಿಗೆಯೂ ಏರುವುದರಿಂದ, ಅದರ ಲಾಭ ಸಣ್ಣ ವ್ಯಾಪಾರಿಗಳಿಗೆ ತಾನಾಗಿ ದಕ್ಕುವುದಿಲ್ಲ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ನೆಲದಡಿಯ ನಿಲ್ದಾಣ ತೆರೆದದ್ದು 2017ರಲ್ಲಿ. ಅಲ್ಲಿ ಮೊಳದ ಲೆಕ್ಕದಲ್ಲಿ ಸೇವಂತಿಗೆ ಮಾರುವವರು, ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಕೂರುವವರು ಅದಕ್ಕೂ ಬಹಳ ಹಿಂದಿನಿಂದ ಆ ಪೇಟೆಯನ್ನು ಜೀವಂತವಾಗಿ ಇಟ್ಟವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆಂದೂ, ಬೀದಿ ವ್ಯಾಪಾರವನ್ನು ಕುರಿತು ಸಲಹೆ ನೀಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳೇ ಕನಿಷ್ಠ ಶೇ 40ರಷ್ಟು ಇರಬೇಕೆಂದೂ ವಿಧಿಸುತ್ತದೆ. ನಿಲ್ದಾಣದ ನಕ್ಷೆ ಬರೆಯುವಾಗಲೇ ಈ ಸಮಿತಿಯ ಮಾತನ್ನು ಕೇಳಬೇಕು.