ಲಿವರ್ ಗಡ್ಡೆಗೆ ಸೂಜಿಮದ್ದು: ನಂತರದ ಚಳಿಜ್ವರ ಕಡೆಗಣಿಸಬೇಡಿ

ಪಿತ್ತಜನಕಾಂಗದ, ಅಂದರೆ ಲಿವರ್‌ನ, ಕ್ಯಾನ್ಸರ್ ಬಂದವರಲ್ಲಿ ಅನೇಕರಿಗೆ ಸಿರೋಸಿಸ್ ಕೂಡ ಇರುತ್ತದೆ. ಶಸ್ತ್ರಚಿಕಿತ್ಸೆ ತಾಳಿಕೊಳ್ಳುವ ಶಕ್ತಿ ಅವರಲ್ಲಿ ಹಲವರಿಗೆ ಇರುವುದಿಲ್ಲ. ಗಡ್ಡೆ ಚಿಕ್ಕದಾಗಿದ್ದರೆ, ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ತೆಳ್ಳನೆಯ ಸೂಜಿಯಿಂದ ಗಡ್ಡೆಯೊಳಕ್ಕೇ ಮದ್ದು ಬಿಡುವ ವಿಧಾನವಿದೆ. ಇದಕ್ಕೆ 1990ರ ದಶಕದಲ್ಲಿ ಜಪಾನಿನ ವೈದ್ಯರು ಅಸಿಟಿಕ್ ಆಮ್ಲವನ್ನು ಬಳಸಿದರು. ವಿನೆಗರ್‌ನಲ್ಲಿರುವುದೂ ಇದೇ ಆಮ್ಲ. ಆದರೆ ಚಿಕಿತ್ಸೆಯಲ್ಲಿ ಅದು ಹಲವು ಪಟ್ಟು ತೀಕ್ಷ್ಣ. ಗಡ್ಡೆಯ ಜೀವಕೋಶಗಳನ್ನು ಅದು ನೇರವಾಗಿ ಸಾಯಿಸುತ್ತದೆ. ವಿನೆಗರ್ ಕುಡಿದರೆ ಈ ಫಲ ಸಿಗದು ಎಂಬುದು ನೆನಪಿರಲಿ. ಈಗ ಶಾಖದಿಂದ ಗಡ್ಡೆ ಸುಡುವ ವಿಧಾನಗಳೇ ಹೆಚ್ಚು ಬಳಕೆಯಲ್ಲಿವೆ. ಮುಂದೆ ಹೇಳುವ ಎಚ್ಚರಿಕೆ ಅವಕ್ಕೂ ಅನ್ವಯಿಸುತ್ತದೆ.

ನಂಜು ಏಕೆ?

ಸತ್ತ ಗಡ್ಡೆಯ ಭಾಗಕ್ಕೆ ರಕ್ತ ಹರಿಯುವುದಿಲ್ಲ. ರೋಗಾಣುಗಳು ಅಲ್ಲಿ ಸೇರಿಕೊಂಡರೆ ಕೀವು ಕಟ್ಟಬಹುದು. ಅಲ್ಲಿಂದ ರಕ್ತಕ್ಕೂ ನಂಜೇರಬಹುದು. ಇದು ಎಲ್ಲರಿಗೂ ಆಗುವ ತೊಂದರೆಯಲ್ಲ. ಆದರೆ ಆದಾಗ ಪ್ರಾಣಕ್ಕೇ ಅಪಾಯ. ಸಿರೋಸಿಸ್‌ನಿಂದ ರೋಗನಿರೋಧಕ ಶಕ್ತಿ ಕುಂದಿದವರು ಮತ್ತು ಮಧುಮೇಹಿಗಳು ಹೆಚ್ಚು ಜಾಗರೂಕರಾಗಿರಬೇಕು. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅಥವಾ ಅದನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಆದವರಿಗೆ ಅಪಾಯ ಇನ್ನೂ ಹೆಚ್ಚು. ಕರುಳಿನ ರೋಗಾಣುಗಳು ಮೇಲೇರಲು ಅವರಲ್ಲಿ ದಾರಿ ಸುಲಭ. ಈ ಸಂಗತಿಗಳನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಿ. ಮುನ್ನೆಚ್ಚರಿಕೆಯ ಆಂಟಿಬಯೋಟಿಕ್ ಬೇಕೇ ಎಂಬುದನ್ನು ಅವರು ತೀರ್ಮಾನಿಸುತ್ತಾರೆ.

ಯಾವ ಜ್ವರ ಅಪಾಯಕಾರಿ?

ಚಿಕಿತ್ಸೆಯ ನಂತರ ಒಂದೆರಡು ದಿನ ಮೈ ಬೆಚ್ಚಗಾಗುವುದು, ಹೊಟ್ಟೆ ನೋಯುವುದು ಸಾಮಾನ್ಯ. ಆದರೆ ಚಳಿ ನಡುಕದೊಂದಿಗೆ ಜ್ವರ ಏರಿದರೆ, ಇಳಿದ ಜ್ವರ ಕೆಲವು ದಿನಗಳ ಬಳಿಕ ಮರಳಿದರೆ, ಉಸಿರಾಟದ ವೇಗ ಹೆಚ್ಚಿದರೆ, ಮೂತ್ರ ಕಡಿಮೆಯಾದರೆ ತಡಮಾಡಬೇಡಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಮಂಪರು, ತೊದಲು ಮಾತು, ವಿಪರೀತ ಸುಸ್ತು ಮಾತ್ರ ಕಾಣಿಸಬಹುದು. ನೋವಿನ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ಅವು ಜ್ವರವನ್ನು ಮರೆಮಾಡುತ್ತವೆ. ಕೆಲವು ಮಾತ್ರೆಗಳು ಸಿರೋಸಿಸ್ ಇರುವವರ ಮೂತ್ರಪಿಂಡಕ್ಕೂ ಕೆಡುಕು.

ದೂರದೂರಿನವರು ಏನು ಮಾಡಬೇಕು?

ಚಳ್ಳಕೆರೆ ತಾಲ್ಲೂಕಿನ ಕುದಾಪುರದಿಂದ ಬೆಂಗಳೂರು ಇನ್ನೂರು ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರಿಗೆ ರಾತ್ರಿ ಚಳಿಜ್ವರ ಬಂದರೆ, 'ಬೆಳಗ್ಗೆ ಬಸ್ಸು ಹಿಡಿದು ಅದೇ ಆಸ್ಪತ್ರೆಗೆ ಹೋಗೋಣ' ಎಂದು ಮನೆಯವರು ಕಾಯುವುದುಂಟು. ಈ ಕಾಯುವಿಕೆಯೇ ಅಪಾಯ. ರಕ್ತದ ನಂಜಿನಲ್ಲಿ ಪ್ರತಿ ಗಂಟೆಯೂ ಅಮೂಲ್ಯ. 108ಕ್ಕೆ ಕರೆಮಾಡಿ, ಮೊದಲು ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ. 'ಲಿವರ್ ಗಡ್ಡೆಗೆ ಸೂಜಿ ಹಾಕಿಸಿ ಇಷ್ಟು ದಿನವಾಯಿತು' ಎಂದು ಹೇಳಿ, ಡಿಸ್ಚಾರ್ಜ್ ಕಾಗದ ತೋರಿಸಿ. ರಕ್ತದ ಕಲ್ಚರ್ ಪರೀಕ್ಷೆಗೆ ಮಾದರಿ ತೆಗೆದು ಕೂಡಲೇ ಆಂಟಿಬಯೋಟಿಕ್ ಆರಂಭಿಸಲು ವೈದ್ಯರಿಗೆ ಇದು ನೆರವಾಗುತ್ತದೆ. ಕೀವು ಕಟ್ಟಿದ್ದರೆ ಅದನ್ನು ಹೊರತೆಗೆಯಲು ದೊಡ್ಡ ಆಸ್ಪತ್ರೆಗೆ ಅವರೇ ಕಳಿಸುತ್ತಾರೆ.

ಚಿಕಿತ್ಸೆ ಪಡೆದ ಆಸ್ಪತ್ರೆಯ ದೂರವಾಣಿ ಸಂಖ್ಯೆ ಮತ್ತು ಒಂದು ಥರ್ಮಾಮೀಟರ್ ಸದಾ ಕೈಗೆ ಸಿಗುವಂತಿರಲಿ.